ನಾನು ಆರಿಸಿದ ಕರ್ಪೂರ

ನನ್ನ ಬಲ ಅಂಗೈಯ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚರ್ಮ ಬೇರೆಯ ಹಾಗಿದೆ. ಅಲ್ಲಿ ರೇಖೆಗಳಿಲ್ಲ. ನುಣುಪಾಗಿ, ಸ್ವಲ್ಪ ಬೆಳ್ಳಗಿದೆ. ಬೆಳಗಿನ ಸಂಧ್ಯಾವಂದನೆಗೆ ಕುಳಿತು ಆಚಮನಕ್ಕೆಂದು ಉದ್ಧರಣೆಯಿಂದ ನೀರು ಹಾಕಿಕೊಂಡಾಗ ನೀರು ಮೊದಲು ಆ ಜಾಗದಲ್ಲಿಯೇ ನಿಲ್ಲುತ್ತದೆ. ಅದನ್ನು ನೋಡದೆ ಕುಡಿಯಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಎಪ್ಪತ್ತು ದಾಟಿದ ಮೇಲೆ ಆದ ಗಾಯವದು. ಆ ವಯಸ್ಸಿನಲ್ಲಿ ಚರ್ಮ ಬೇಗ ಕೂಡಿಕೊಳ್ಳುವುದಿಲ್ಲವೆಂದು ವೈದ್ಯರು ಹೇಳಿದ್ದರು.

ನಾನು ಹೊಸೂರಿನಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸಿದವನು. ಅದಕ್ಕೂ ಮೊದಲು ಅಜ್ಜನ ಪಾಠಶಾಲೆಯಲ್ಲಿ ಹನ್ನೊಂದು ವರ್ಷ ವೇದವನ್ನೂ ತರ್ಕವನ್ನೂ ಓದಿದವನು. ಆ ಪಾಠಶಾಲೆಯಲ್ಲಿ ಸುಳ್ಳಿಗೆ ಪ್ರಾಯಶ್ಚಿತ್ತವಿತ್ತೇ ಹೊರತು ವಿನಾಯಿತಿ ಇರಲಿಲ್ಲ. ಕಕ್ಷಿಗಾರ ತಪ್ಪು ಮಾಡಿದ್ದಾನೆಯೇ ಎಂಬುದು ವಕೀಲನ ಪ್ರಶ್ನೆಯಲ್ಲ, ಪೊಲೀಸರು ಅದನ್ನು ಸಾಬೀತುಮಾಡಿದರೇ ಎಂಬುದಷ್ಟೇ ಪ್ರಶ್ನೆ ಎಂದು ನನಗೆ ಕೆಲಸ ಕಲಿಸಿದ ಹಿರಿಯ ವಕೀಲರು ಹೇಳುತ್ತಿದ್ದರು. ಬುದ್ಧಿ ಅದನ್ನು ಒಪ್ಪಿತು. ಊಟದ ಎಲೆಯ ಮುಂದೆ ಕುಳಿತು ಪರಿಷೇಚನೆ ಮಾಡುವಾಗ ಮನಸ್ಸು ಒಪ್ಪುತ್ತಿರಲಿಲ್ಲ. ಅಪರಾಧಿಯ ಅನ್ನವನ್ನು ಉಣ್ಣುತ್ತಿರುವೆನೇನೋ ಎಂಬ ಅಳುಕು ಪ್ರತಿ ತುತ್ತಿನಲ್ಲಿಯೂ ಇರುತ್ತಿತ್ತು.

ಆ ಅಳುಕಿಗೆ ನಾನು ಒಂದು ಉಪಾಯ ಕಂಡುಕೊಂಡೆ. ನಮ್ಮ ಬೀದಿಯ ಕೊನೆಯಲ್ಲಿ, ಬೇವಿನ ಮರದ ಬುಡದಲ್ಲಿ ಮುನೇಶ್ವರನ ಕಲ್ಲಿದೆ. ಈ ಸೀಮೆಯಲ್ಲಿ ತನ್ನ ಮಾತು ನಿಜವೆಂದು ಒಪ್ಪಿಸಬೇಕಾದವರು ದೇವರ ಮುಂದಿನ ಚಪ್ಪಡಿಯ ಮೇಲೆ ಕರ್ಪೂರ ಹಚ್ಚಿ, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ, ಉರಿಯುವ ಕರ್ಪೂರವನ್ನು ಬಲ ಅಂಗೈಯಿಂದ ಬಡಿದು ಆರಿಸುತ್ತಾರೆ. ತಮಿಳರೂ ಹಾಗೆಯೇ, ತೆಲುಗರೂ ಹಾಗೆಯೇ. ಥಟ್ಟನೆ ಬಡಿದರೆ ಕೈ ಸುಡುವುದಿಲ್ಲ. ಅಳುಕಿದರೆ ಸುಡುತ್ತದೆ. ಸುಳ್ಳು ಹೇಳಿ ಆರಿಸಿದವನ ಮನೆ ಉಳಿಯುವುದಿಲ್ಲವೆಂಬ ಭಯ ಎಲ್ಲರಿಗೂ ಸಮಾನ. ಕೊಲೆ, ಹಲ್ಲೆಯ ಮೊಕದ್ದಮೆ ಹಿಡಿದು ಬಂದವರಿಗೆ ನಾನು ಮೊದಲು ಆ ಕಲ್ಲನ್ನು ತೋರಿಸುತ್ತಿದ್ದೆ. ಆಪಾದಿತನ ಕಡೆಯವರು ಕರ್ಪೂರ ಆರಿಸಿದರೆ ಮಾತ್ರ ವಕಾಲತ್ತಿಗೆ ಸಹಿ.

ಬರಬರುತ್ತ ಜನ ನನ್ನನ್ನು ಕರ್ಪೂರದ ಲಾಯರೆಂದು ಕರೆಯತೊಡಗಿದರು. ನಾನು ಮೊಕದ್ದಮೆ ಹಿಡಿದೆನೆಂದರೆ ಆ ಮನುಷ್ಯ ನಿರಪರಾಧಿ ಎಂದು ಬಸ್‌ಸ್ಟ್ಯಾಂಡಿನಲ್ಲಿಯೇ ತೀರ್ಮಾನವಾಗಿಬಿಡುತ್ತಿತ್ತು. ಅದು ನನಗೆ ದೇವರು ಕೊಟ್ಟ ಅಲಂಕಾರವೆಂದು ನಾನು ಎಣಿಸಿದ್ದೆ. ಒಮ್ಮೆ ಮಾತ್ರ ವಯಸ್ಸಾದ ಒಬ್ಬ ರೈತರು, ಅಣ್ಣನನ್ನು ಕೊಂದರೆಂಬ ಆರೋಪ ಹೊತ್ತವರು, ಕಲ್ಲಿನ ಮುಂದೆ ಕೈಮುಗಿದು ನಿಂತು, “ನನ್ನ ಜಗಳಕ್ಕೆ ದೇವ್ರನ್ನ ಸಾಕ್ಷಿಗೆ ಎಳೆಯಾಕಿಲ್ಲ ಸಾಮಿ” ಎಂದು ಹೇಳಿ ಹಿಂದಿರುಗಿದರು. ನಾನು ಅವರ ಕಾಗದಗಳನ್ನು ಮರಳಿಸಿದೆ. ಅವರಿಗೆ ಮುಂದೇನಾಯಿತೆಂದು ವಿಚಾರಿಸಲಿಲ್ಲ. ಬಹಳ ದಿನ ಅದು ನೆನಪಿಗೂ ಬಂದಿರಲಿಲ್ಲ.

ಈಗ ಹೇಳಹೊರಟ ಸಂಗತಿ ನಡೆದು ಹೆಚ್ಚು ಕಾಲವಾಗಿಲ್ಲ.

ಮತ್ತಿಗಿರಿಯ ಹಾಸ್ಟೆಲೊಂದರಲ್ಲಿದ್ದು ಕಾರ್ಖಾನೆಗೆ ಹೋಗಿಬರುತ್ತಿದ್ದ ಇಪ್ಪತ್ತೆರಡು ವರ್ಷದ ಹೆಣ್ಣುಮಗಳೊಬ್ಬಳ ಶವ ಸಾನಮಾವು ಕಾಡಿನಂಚಿನಲ್ಲಿ ಸಿಕ್ಕಿತು. ಕಾರ್ಖಾನೆಯ ಹುಡುಗಿಯರನ್ನು ಕರೆದೊಯ್ಯುವ ವ್ಯಾನಿನಲ್ಲಿ ಅವಳು ಕೊನೆಯದಾಗಿ ಕಾಣಿಸಿಕೊಂಡಿದ್ದಳು. ನಾಲ್ಕನೆಯ ದಿನ ಆ ವ್ಯಾನಿನ ಚಾಲಕನ ಬಂಧನವಾಯಿತು. ಟಿವಿಯವರ ಗಾಡಿಗಳು ವಾರಗಟ್ಟಲೆ ಊರಿನಲ್ಲಿಯೇ ಬೀಡುಬಿಟ್ಟವು. ಆ ಹೆಣ್ಣುಮಗಳ ಚಿತ್ರ ಆಟೋಗಳ ಹಿಂದೆ, ಹಣ್ಣಿನ ಅಂಗಡಿಗಳ ಮುಂದೆ ಅಂಟಿಕೊಂಡಿತು. ಸಂಜೆಯ ಮೆರವಣಿಗೆಗಳಲ್ಲಿ ನಮ್ಮ ಬೀದಿಯ ಗೃಹಿಣಿಯರೂ ಮೇಣದ ಬತ್ತಿ ಹಿಡಿದು ನಡೆದರು. ನನ್ನ ಧರ್ಮಪತ್ನಿಯೂ ನಡೆದಳು. ಆ ದುಃಖ ಸಾಚಾ ಆಗಿತ್ತು. ಆಪಾದಿತನ ಪರ ಯಾರೂ ಹಾಜರಾಗಬಾರದೆಂದು ಊರಿನ ವಕೀಲರು ಸಭೆ ಸೇರಿ ಮಾತಾಡಿಕೊಂಡರು. ನಾನು ಆ ಸಭೆಗೆ ಹೋಗಲಿಲ್ಲ.

ಮರುವಾರ ಬೆಳಿಗ್ಗೆ ಚಾಲಕನ ತಾಯಿ ಬಂದಳು. ಕಾಡಿನಂಚಿನ ಹಳ್ಳಿಯೊಂದರಲ್ಲಿ ರಾಗಿ ಬೆಳೆಯುವ ಹೆಂಗಸು. ಅರವತ್ತರ ಆಸುಪಾಸು, ಕಾಲಿಗೆ ಚಪ್ಪಲಿಯಿಲ್ಲ. ಜಗಲಿಯ ಮೇಲೆ ಕಡತ ಹೊಲಿಯುತ್ತಿದ್ದ ನನ್ನ ಗುಮಾಸ್ತರು ಅವಳನ್ನು ತಡೆದು ವಿಚಾರಿಸಿದರು.

“ಕರ್ಪೂರದ ಲಾಯರ್ ಮನೆ ಇದೇ ಅಲ್ವಾ? ಕರ್ಪೂರ ನಾನೇ ತಂದಿವ್ನಿ” ಎಂದಳು.

“ಅದ್ಯಾಕಮ್ಮಾ ಊರಿಂದ ಹೊತ್ಕೊಂಡ್ ಬಂದೆ, ಎದುರುಗಡೆ ಅಂಗ್ಡೀಲೇ ಸಿಕ್ತದಲ್ಲ” ಎಂದು ಗುಮಾಸ್ತರು ನಕ್ಕರು.

“ಇನ್ಯಾರದೋ ಕರ್ಪೂರದಾಗೆ ಆಣೆ ಇಡಕಾಯ್ತದಾ? ನಮ್ಮನೆ ದೇವ್ರ ಗೂಡಿಂದು ಇದು.”

ಅವಳು ನನ್ನ ಕಡೆಗೆ ತಿರುಗಿ, ಮಗನು ಆ ಹೆಣ್ಣುಮಗಳನ್ನು ಎಲ್ಲರಿಗಿಂತ ಕೊನೆಗೆ ಹಾಸ್ಟೆಲಿನ ತಿರುವಿನಲ್ಲಿ ಇಳಿಸಿ, ಮುಂದಿನ ಪಾಳಿಯವರನ್ನು ಕರೆತರಲು ಖಾಲಿ ವ್ಯಾನಿನಲ್ಲಿ ರಾಯಕೋಟೆಯ ಕಡೆಗೆ ಹೋದನೆಂದೂ, ಪೊಲೀಸರು ಹೇಳುವ ಹೊತ್ತಿನಲ್ಲಿ ವ್ಯಾನು ಪಂಕ್ಚರಾಗಿ ಅಲ್ಲಿಯ ಟೀ ಅಂಗಡಿಯೊಂದರಲ್ಲಿ ಕುಳಿತಿದ್ದನೆಂದೂ ಹೇಳಿದಳು. ಕೊನೆಗೆ ಸೇರಿಸಿದಳು: “ಹೊಲಕ್ಕೆ ಆನೆ ಬಿದ್ರೆ ಊರೋರೆಲ್ಲ ಪಟಾಕಿ ಹಚ್ತಾರೆ ಸಾಮಿ. ಇವ್ನು ಪಟಾಕಿ ಹಚ್ಚಕ್ಕೂ ಹೆದ್ರುತಾನೆ. ಇವ್ನು ಕೊಲೆ ಮಾಡಾನಾ?”

ಮುನೇಶ್ವರನ ಮುಂದೆ ಅವಳು ಕರ್ಪೂರ ಹಚ್ಚಿದಳು. “ನನ್ನ ಮಗ ಆ ಮಗೀನ ಮುಟ್ಟಿಲ್ಲ” ಎಂದು ಹೇಳಿ ಥಟ್ಟನೆ ಬಡಿದು ಆರಿಸಿದಳು. ಕೈ ತೋರಿಸಿದಳು. ಮಸಿಯಿತ್ತು, ಬೊಬ್ಬೆ ಇರಲಿಲ್ಲ. ತಾನು ಕಂಡದ್ದನ್ನಲ್ಲ, ನಂಬಿದ್ದನ್ನು ಅವಳು ಆಣೆ ಮಾಡಿ ಹೇಳಿದ್ದಳು. ತರ್ಕ ಓದಿದ ನನಗೆ ಆ ಎರಡರ ನಡುವಿನ ಅಂತರ ಆಗ ಹೊಳೆಯಲಿಲ್ಲ. ವಕಾಲತ್ತಿಗೆ ಸಹಿ ಹಾಕಿದೆ.

ಟೀ ಅಂಗಡಿಯವನನ್ನು ಗುಮಾಸ್ತರು ಹುಡುಕಿ ಕರೆತಂದರು. ಐವತ್ತರ ಮನುಷ್ಯ, ಮೃದುವಾಗಿ ಮಾತನಾಡುವವನು. ಒಬ್ಬನೇ ಚಕ್ರ ಬದಲಿಸಿದ ಚಾಲಕ ಆಮೇಲೆ ತನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಎರಡು ಟೀ ಕುಡಿದನೆಂದು ಹೇಳಿದ. “ಪೊಲೀಸ್ನೋರು ನನ್ನ ಕೇಳ್ಲೇ ಇಲ್ಲ ಸಾಮಿ. ನೀವು ಕೇಸ್ ಹಿಡ್ದಿದೀರ ಅಂದ್ಮೇಲೆ ನಂಗೇನು ಭಯ, ಕೋರ್ಟಲ್ಲಿ ಬಂದು ಹೇಳ್ತೀನಿ” ಎಂದ. ಮೊಕದ್ದಮೆಯಲ್ಲಿ ಚಾಲಕನ ಪರವಾಗಿ ಇದ್ದ ಮನುಷ್ಯ ಅವನೊಬ್ಬನೇ. ಅವನ ಮಾತು ನಿಂತರೆ ಚಾಲಕ ಬದುಕಿಯಾನು, ಅದು ಹೋದರೆ ಮಿಕ್ಕದ್ದೆಲ್ಲ ಅವನ ವಿರುದ್ಧವೇ ಇತ್ತು.

ಮೊಕದ್ದಮೆ ಕೃಷ್ಣಗಿರಿಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಯಿತು. ಭಯ ಪ್ರಾರಂಭವಾದದ್ದು ಆಮೇಲೆ.

ಮೊದಲು ಗೇಟಿನ ಮೇಲೆ ಕುಂಕುಮ ಸವರಿ ಕೊಯ್ದಿಟ್ಟ ನಿಂಬೆಹಣ್ಣು ಕಂಡಿತು. ಗುಮಾಸ್ತರು ಅದನ್ನು ಕಾಗದದಲ್ಲಿ ಹಿಡಿದು ಚರಂಡಿಗೆ ಎಸೆದು, “ಒಳ್ಳೇ ಹಣ್ಣು ಅಯ್ಯಾ, ಪಾನಕಕ್ಕೆ ಆಗ್ತಿತ್ತು” ಎಂದರು. ನಾನೂ ನಕ್ಕೆ. ಅನಂತರ, ನಾನು ಮೂವತ್ತು ವರ್ಷದಿಂದ ಕುಳಿತುಕೊಳ್ಳುತ್ತಿದ್ದ ದೇವಸ್ಥಾನದ ಕಂಬದ ಬಳಿ ಜನ ಕುಳಿತುಕೊಳ್ಳುವುದನ್ನು ಬಿಟ್ಟರು. ಅರ್ಚಕರು ತೀರ್ಥ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅದನ್ನೂ ಸಹಿಸಿದೆ.

ಒಂದು ಬುಧವಾರ, ಪೂಜೆ ಮುಗಿಸಿ ಜಗಲಿಗೆ ಬಂದಾಗ ಗೇಟಿನ ಮುಂದೆ ಬೈಕು ನಿಂತಿತು. ಇಳಿದವನಿಗೆ ನಲವತ್ತಿರಬಹುದು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಅಭ್ಯಾಸದಂತೆ ನಾನು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. ಎದ್ದು ನಿಂತು, ಬಹಳ ವಿನಯದಿಂದ ಹೇಳಿದ:

“ಅಮ್ಮನೋರು ದಿನಾ ಬೆಳಿಗ್ಗೆ ಆರು ಗಂಟೆಗೆ ಕಾಂಪೌಂಡ್ ಆಚೆ ಬಂದು ನಂದಿಬಟ್ಟಲು ಕೀಳ್ತಾರೆ. ಒಬ್ರೇ ಬರ್ತಾರೆ. ಕಾಲ ಸರಿಯಿಲ್ಲ ಸಾಮಿ, ಒಬ್ರನ್ನೇ ಬಿಡ್ಬೇಡಿ.”

“ನೀವು ಯಾರಪ್ಪ?” ಎಂದೆ.

“ನಿಮ್ಮ ಮಗನ ಥರ ಅಂದ್ಕೊಳ್ಳಿ” ಎಂದು ಮತ್ತೊಮ್ಮೆ ಕೈಮುಗಿದು ಹೊರಟುಹೋದ. ಬೈಕಿನ ಸಂಖ್ಯೆ ನೋಡಬೇಕೆಂಬುದು ಹೊಳೆಯುವ ಮೊದಲೇ ಅವನು ತಿರುವು ದಾಟಿದ್ದ.

ಆ ಕೊಲೆಯನ್ನು ಮಾಡಿದವರ ಕಡೆಯವನೋ, ಸತ್ತವಳಿಗಾಗಿ ಕುದಿಯುತ್ತಿದ್ದವನೋ, ನನಗೆ ಇಂದಿಗೂ ತಿಳಿಯದು. ಈ ಕೈಯಿಂದಲೇ ಅವನ ತಲೆ ಮುಟ್ಟಿ ಒಳ್ಳೆಯದಾಗಲೆಂದು ಹರಸಿದ್ದೆನೆಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಡುಗಿಸಿತು.

ಮರುದಿನದಿಂದ ಹೆಂಡತಿ ಹೂ ಕೀಳಲು ಹೋದಾಗ ನಾನೂ ಛತ್ರಿ ಹಿಡಿದು ಹಿಂದೆ ನಿಂತೆ. ಅವಳಿಗೆ ಕಾರಣ ಹೇಳಿರಲಿಲ್ಲ. “ಏನೂಂದ್ರೆ, ಮಳೆಯಿಲ್ಲ, ಬಿಸಿಲಿಲ್ಲ, ಛತ್ರಿ ಯಾಕೆ? ಇರುವೆ ಹೊಡೆಯೋದಕ್ಕಾ?” ಎಂದು ಕೇಳಿದಳು. ಮೂರನೆಯ ದಿನ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟಳು. ಆಮೇಲೆ, “ದೇವರಿಗೆ ಇವತ್ತು ತುಳಸಿಯೇ ಸಾಕು” ಎಂದು ಒಳಗೆ ಹೋದಳು.

ಬೈಕಿನ ಸದ್ದು ಕೇಳಿದರೆ ನನ್ನ ಜಪದ ಎಣಿಕೆ ತಪ್ಪುತ್ತಿತ್ತು. ಹೊಸೂರಿನಲ್ಲಿ ಬೈಕಿಲ್ಲದ ನಿಮಿಷವುಂಟೇ? ಪಾಳಿ ಬದಲಾಗುವ ಹೊತ್ತಿನಲ್ಲಿ ನೂರಾರು ಬೈಕುಗಳು ನಮ್ಮ ಬೀದಿಯ ಮೂಲಕ ಹೋಗುತ್ತವೆ. ಅವುಗಳಲ್ಲಿ ಯಾವುದು ನಿಧಾನಿಸುತ್ತದೆಯೋ ಎಂದು ಕಿವಿಗೊಟ್ಟು ಕುಳಿತಿರುತ್ತಿದ್ದೆ. ಪೊಲೀಸರಿಗೆ ದೂರು ಕೊಡೋಣವೆಂದರೆ, ಕಾಲು ಮುಟ್ಟಿ ನಮಸ್ಕರಿಸಿದನು, ಹೆಂಡತಿಯನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದನು, ಇಷ್ಟೇ. ಇದನ್ನು ಯಾವ ಕಲಮಿನಲ್ಲಿ ಬರೆಸುವುದು?

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆ ದಿನಗಳಲ್ಲಿಯೇ ನಾನು ಚಾಲಕನ ಕಾಗದಗಳನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಪೊಲೀಸರ ದಾಖಲೆಯಲ್ಲಿ ಮೊದಲು ದುರ್ಬಲವಾಗಿ ಕಂಡಿದ್ದ ಸಾಲುಗಳು ಈಗ ಬಲವಾಗಿ ಕಂಡವು. ಟೀ ಅಂಗಡಿಯವನು ಹೇಳಿದ ಹೊತ್ತು ಅಷ್ಟು ಖಚಿತವಲ್ಲ ಎನ್ನಿಸಿತು. ತಾಯಿಯಾದವಳಿಗೆ ಮಗನ ವಿಷಯ ಎಲ್ಲವೂ ತಿಳಿದಿರುತ್ತದೆಯೇ ಎಂದು ಕೇಳಿಕೊಂಡೆ. ಅವನು ಮಾಡಿಯೂ ಇರಬಹುದು ಎಂಬ ಯೋಚನೆ ಬಂದಾಗ ನನಗೆ ನೆಮ್ಮದಿಯಾಯಿತು. ಭಯಪಟ್ಟು ಓಡುವುದಕ್ಕಿಂತ ಪಾಪಿಯನ್ನು ಬಿಟ್ಟೆನೆಂದು ಹೇಳಿಕೊಳ್ಳುವುದು ಗೌರವದ ಸಂಗತಿಯಾಗಿತ್ತು.

ವಕಾಲತ್ತಿನಿಂದ ಹಿಂದೆ ಸರಿಯಲು ಅನುಮತಿ ಕೋರಿ ಕೃಷ್ಣಗಿರಿ ನ್ಯಾಯಾಲಯಕ್ಕೆ ಮೆಮೋ ಹಾಕಿದೆ. ಕಾರಣವೆಂಬಲ್ಲಿ “ಸ್ವಂತ ಕಾರಣಗಳಿಂದ” ಎಂದು ಬರೆದೆ. ಸೇಲಂ ಜೈಲಿನಲ್ಲಿದ್ದ ಆಪಾದಿತನಿಗೆ ತಿಳಿಸಿ, ಅವನನ್ನು ಕೇಳಿ ಅಪ್ಪಣೆ ಕೊಡಬೇಕಾದ್ದರಿಂದ ನ್ಯಾಯಾಧೀಶರು ಮುಂದಿನ ಗುರುವಾರಕ್ಕೆ ವಾಯ್ದಾ ಹಾಕಿದರು. ಬಸ್ಸಿನಲ್ಲಿ ಹಿಂದಿರುಗುವಾಗ ಎಷ್ಟೋ ದಿನಗಳ ಮೇಲೆ ನಿದ್ರೆ ಬಂತು.

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಸೋಮವಾರ ಗುಮಾಸ್ತರು ಪೇಟೆಯಿಂದ ಬಂದು ಚೀಲವನ್ನು ಕೆಳಗಿಡದೆ ನಿಂತರು.

“ಏನಾಯಿತು?”

“ಬಸ್‌ಸ್ಟ್ಯಾಂಡಲ್ಲಿ ಎಲ್ಲಾ ಮಾತಾಡ್ಕೋತಾವ್ರೆ ಅಯ್ಯಾ. ಕರ್ಪೂರದ ಲಾಯರೇ ಬಿಟ್ಬುಟ್ರು ಅಂದ್ರೆ ಇನ್ನೇನು, ಅವ್ನೇ ಮಾಡಿರೋದು ಅಂತ. ಅವರವ್ವ ಸುಳ್ಳಾಣೆ ಇಟ್ಳು, ಮುನೇಶ್ವರ ಕನಸಲ್ಲಿ ಬಂದು ಲಾಯರ್ಗೆ ಹೇಳ್ದ ಅಂತ ಒಬ್ಬ. ನಿಮ್ಮ ಕನಸಲ್ಲಿ ಏನು ಬಂತೋ ನನಗಂತೂ ಗೊತ್ತಿಲ್ಲ.”

“ಟೀ ಅಂಗಡಿಯವನು?”

“ಅದೇ ಹೇಳಕ್ಕೆ ಬಂದೆ. ಫೋನ್ ಮಾಡಿದ್ದ. ‘ಪಾಪದ ಕೇಸಲ್ಲಿ ನಾನು ಸಾಕ್ಷಿ ಹೇಳಾಕಿಲ್ಲ, ನಂಗೂ ಎರಡು ಹೆಣ್ಮಕ್ಕಳವೆ’ ಅಂದ.”

ಬೇರೆ ಯಾವ ವಕೀಲನು ಮೊಕದ್ದಮೆ ಬಿಟ್ಟರೂ ಅದು ಬಿಟ್ಟದ್ದಷ್ಟೇ ಆಗುತ್ತಿತ್ತು. ನಾನು ಬಿಟ್ಟದ್ದು ತೀರ್ಪಾಗಿತ್ತು. ನಲವತ್ತು ವರ್ಷ ನಾನೇ ಹೀಗೊಂದು ಪೀಠ ಕಟ್ಟಿಕೊಂಡಿದ್ದೆ. ಅದರಿಂದ ಇಳಿಯುವಾಗ ಕಾಲಿನ ಕೆಳಗೆ ಒಬ್ಬ ಮನುಷ್ಯ ಸಿಕ್ಕಿದ್ದ. ಕರ್ಪೂರ ಆರಿಸಲು ಒಪ್ಪದೆ ಹಿಂದಿರುಗಿದ ಆ ರೈತರು ಆಗ ನೆನಪಿಗೆ ಬಂದರು. ಅವರ ವಿಷಯದಲ್ಲಿಯೂ ಊರು ಹೀಗೆಯೇ ಮಾತಾಡಿಕೊಂಡಿರಬೇಕು.

ಮಂಗಳವಾರ ಬೆಳಿಗ್ಗೆ ತಾಯಿ ಬಂದಳು. ಜಗಲಿ ಹತ್ತಲಿಲ್ಲ. ಅಂಗಳದಲ್ಲಿ ನಿಂತು, ನನ್ನನ್ನು ನೋಡಿ, ಮೆಲ್ಲಗೆ ಕೇಳಿದಳು:

“ಸಾಮಿ, ನನ್ನ ಮಗ ಮಾಡವ್ನೆ ಅಂತ ನಿಮಗೆ ಗೊತ್ತಾಯ್ತಾ?”

“ಇಲ್ಲ ತಾಯಿ.”

“ಮತ್ಯಾಕ್ ಬಿಟ್ರಿ?”

“ನನಗೆ ವಯಸ್ಸಾಯಿತು. ಕೃಷ್ಣಗಿರಿಗೆ ಓಡಾಡುವುದು...”

“ನಾನು ಕರ್ಪೂರ ಆರ್ಸಿದ್ ದಿನ ನಿಮಗೆ ಹದಿನಾರು ವರ್ಸ ಇತ್ತಾ?” ಎಂದಳು. ಗುಮಾಸ್ತರು ಮುಖ ತಿರುಗಿಸಿಕೊಂಡರು. “ನಮ್ಮೂರಾಗೆ ನನ್ನ ಮನೆಗೆ ಬೆಂಕಿ ಕೊಡಾಕಿಲ್ಲ ಅಂತಾರೆ, ನೀರ್ಗೋದ್ರೆ ಎದ್ದೋಗ್ತಾರೆ. ಮೊನ್ನೆಗಂಟ ‘ಪಾಪ, ಲಾಯರ್ ಸಾಮಿ ಹಿಡ್ದವ್ರೆ, ಏನೋ ಇರ್ಬೇಕು’ ಅಂತಿದ್ದೋರು. ಒಂದು ಕಾಗದ ಬರ್ದು ನನ್ನ ಮಗನ್ನ ಕೊಲೆಗಾರ ಮಾಡ್ಬುಟ್ರಿ. ಜಡ್ಜೂ ಇನ್ನಾ ಹೇಳಿಲ್ಲ, ನೀವು ಹೇಳ್ಬುಟ್ರಿ.”

“ನಾನು ಹಾಗೆ ಹೇಳಿಲ್ಲವಮ್ಮ.”

“ಹಂಗಾದ್ರೆ ಬನ್ನಿ.” ಸೆರಗಿನ ಗಂಟು ಬಿಚ್ಚಿ ಕರ್ಪೂರದ ಬಿಲ್ಲೆಯನ್ನು ತೆಗೆದಳು. “ಎಲ್ರ ಕೈಲೂ ಆರಿಸ್ತಿದ್ರಲ್ಲ. ಇವತ್ತು ನೀವು ಆರ್ಸಿ. ಯಾಕೆ ಬಿಟ್ರಿ ಅಂತ ಮುನೇಶ್ವರನ ಮುಂದೆ ಹೇಳಿ. ನನ್ನ ಮಗ ಮಾಡವ್ನೆ ಅಂತ ಬಿಟ್ಟಿದ್ರೆ ಅದ್ನೇ ಹೇಳಿ, ನಾನು ಇಲ್ಲಿಂದ್ಲೇ ಹೊಂಟೋಗ್ತೀನಿ.”

ಗುಮಾಸ್ತರು ಎದ್ದು, “ಏಯ್, ಯಾರ ಹತ್ರ ಮಾತಾಡ್ತಿದೀಯ ಅಂತ ಗೊತ್ತಾ?” ಎಂದು ಗದರಿದರು. ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ, “ಅವಳು ಕೇಳೋದರಲ್ಲಿ ತಪ್ಪೇನಿದೆ” ಎಂದಳು. ಅಷ್ಟೇ ಹೇಳಿದಳು.

ಮನೆಯಿಂದ ಬೇವಿನ ಮರಕ್ಕೆ ನೂರು ಹೆಜ್ಜೆ. ಕೆಲಸಕ್ಕೆ ಹೊರಟ ಜನ ನಿಂತು ನೋಡಿದರು. ಹಾಲಿನವನು ನಿಂತ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬದಿಗಿಟ್ಟು ಬಂದ. ಎರಡು ಬೈಕುಗಳು ನಿಂತವು. ಅವುಗಳ ಮೇಲಿದ್ದವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅವಳೇ ಕರ್ಪೂರವಿಟ್ಟು ಹಚ್ಚಿದಳು. ಉರಿ ನೆಟ್ಟಗೆ ನಿಂತಿತು.

ನನ್ನ ಬಾಯಿಗೆ ಮೊದಲು ಬಂದದ್ದು, “ಈ ಮೊಕದ್ದಮೆಯಲ್ಲಿ ನನಗೆ ಸಂಶಯವಿರುವುದರಿಂದ” ಎಂಬ ಮಾತು. ತುಟಿಯವರೆಗೂ ಬಂತು. ಅದನ್ನು ಹೇಳಿದ್ದರೆ ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಆ ಸಂಶಯ ಯಾವ ದಿನ ಹುಟ್ಟಿತೆಂದು ನನಗೆ ಗೊತ್ತಿತ್ತು. ಅದು ಹುಟ್ಟಿದ್ದು ಬುಧವಾರ, ಒಬ್ಬನು ಕಾಲು ಮುಟ್ಟಿ ಹೋದ ಮೇಲೆ. ಬಡವರ ಕೈಗಳನ್ನು ನಲವತ್ತು ವರ್ಷ ಈ ಉರಿಯ ಮೇಲೆ ಇಡಿಸಿದ್ದೆ, ನನ್ನದನ್ನು ಒಮ್ಮೆಯೂ ಇಟ್ಟಿರಲಿಲ್ಲ. ಪಾಠಶಾಲೆಯಲ್ಲಿ ಅಜ್ಜನ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ ಕೈಕಟ್ಟಿ ನಿಂತೆ.

“ಅವನು ತಪ್ಪು ಮಾಡಿದ್ದಾನೆಂದು ನನಗೆ ತಿಳಿದಿಲ್ಲ” ಎಂದೆ. ದನಿ ಏಳಲಿಲ್ಲ.

“ಗಟ್ಟಿಯಾಗಿ ಹೇಳಿ ಸಾಮಿ” ಎಂದಳು ತಾಯಿ. ನಾನು ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು.

“ಅವನು ತಪ್ಪು ಮಾಡಿದ್ದಾನೆಂದು ನನಗೆ ತಿಳಿದಿಲ್ಲ. ಹೆದರಿಕೆಯಿಂದ ಬಿಡುತ್ತಿದ್ದೇನೆ. ನನಗೆ ಭಯವಾಗಿದೆ. ಮತ್ತೇನೂ ಕಾರಣವಿಲ್ಲ.”

ಕೈಯನ್ನು ಇಳಿಸಿದೆ. ಥಟ್ಟನೆ ಬಡಿಯಬೇಕೆಂದು ಸಾವಿರ ಜನಕ್ಕೆ ಹೇಳಿಕೊಟ್ಟವನು ನಾನೇ ನಡುದಾರಿಯಲ್ಲಿ ತಡೆದೆ. ಉರಿ ಅಂಗೈಗೆ ಕಚ್ಚಿತು. ಆಮೇಲೆ ಒತ್ತಿದೆ.

ನಿಂತಿದ್ದ ಬೈಕುಗಳಲ್ಲಿ ಒಂದು ಹೊರಟಿತು. ಇಸ್ತ್ರಿ ಅಂಗಡಿಯವನು ತಮಿಳಿನಲ್ಲಿ, “ಸಾಮಿಗೇ ಭಯ ಅಂದ್ರೆ ನಮ್ಮ ಗತಿಯೇನು” ಎಂದು ಪಕ್ಕದವನಿಗೆ ಹೇಳಿದ. ತಾಯಿ ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. “ಹೆದ್ರುಕೊಂಡ್ ಆರ್ಸಿದೀರ” ಎಂದಳು. “ಬೇಗ ಮಜ್ಜಿಗೆ ಹಾಕ್ಕೊಳ್ಳಿ.”

“ನಾನು ಮತ್ತೆ ಹಿಡಿಯಲಾರೆ ತಾಯಿ” ಎಂದೆ.

“ಗೊತ್ತು. ಹಿಡೀರಿ ಅಂತ ನಾನು ಬಂದಿಲ್ಲ. ಇದ್ನೇ ಗುರುವಾರ ಜಡ್ಜ್ ಮುಂದೆ ಹೇಳಿ.”

ಗುರುವಾರ ಕೃಷ್ಣಗಿರಿಯಲ್ಲಿ ನನ್ನ ಮೆಮೋ ಕರೆದರು. ವಿಡಿಯೊ ತೆರೆಯ ಮೇಲೆ ಜೈಲಿನಿಂದ ಚಾಲಕನ ಮುಖ ಕಾಣುತ್ತಿತ್ತು. ಅವನು ನನ್ನನ್ನಲ್ಲ, ನನ್ನ ಕೈಗೆ ಸುತ್ತಿದ ಬಟ್ಟೆಯನ್ನು ನೋಡುತ್ತಿದ್ದನೆಂದು ನನಗೆ ತೋರಿತು. ಸ್ವಂತ ಕಾರಣಗಳೆಂದು ಬರೆದಿರುವುದನ್ನು ತಿದ್ದಲು ಅಪ್ಪಣೆ ಬೇಡಿದೆ. ನ್ಯಾಯಾಧೀಶರು ತಲೆಯೆತ್ತಿದರು. ನಡೆದದ್ದನ್ನು, ಬೈಕಿನವನ ಮಾತನ್ನು, ಹೂವಿನ ವಿಷಯವನ್ನು ಹೇಳಿದೆ. ಆಪಾದಿತನ ವಿರುದ್ಧ ನನಗೆ ಏನೂ ತಿಳಿದಿಲ್ಲ, ಭಯದಿಂದಲೇ ಹಿಂದೆ ಸರಿಯುತ್ತಿದ್ದೇನೆ ಎಂಬುದನ್ನು ದಾಖಲಿಸಬೇಕೆಂದು ಕೋರಿದೆ. ನನ್ನ ಶಿಷ್ಯರಾಗಿದ್ದವರೂ ಸೇರಿದಂತೆ ಕೋಣೆಯ ತುಂಬ ವಕೀಲರಿದ್ದರು. ಯಾರೋ ಹಿಂದೆ ಕೆಮ್ಮಿದರು.

“ನಿಮಗೆ ರಕ್ಷಣೆ ಕೊಡಲು ಪೊಲೀಸರಿಗೆ ಆದೇಶಿಸಿದರೆ ಮುಂದುವರಿಯುತ್ತೀರಾ?” ಎಂದು ನ್ಯಾಯಾಧೀಶರು ಕೇಳಿದರು.

ಧೈರ್ಯ ತೋರಿಸಲು ಅದು ಕೊನೆಯ ಅವಕಾಶ. “ಕ್ಷಮಿಸಬೇಕು. ಆಗುವುದಿಲ್ಲ” ಎಂದೆ.

ಅವರು ಎರಡನ್ನೂ ದಾಖಲಿಸಿ, ತೆರೆಯ ಮೇಲಿದ್ದ ಆಪಾದಿತನನ್ನು ಕೇಳಿದರು. “ಭಯ ಅಂದ್ಮೇಲೆ ಬಿಟ್ಬುಡ್ಲಿ ಸಾರ್” ಎಂದನವನು. ನನಗೆ ಅಪ್ಪಣೆಯಾಯಿತು. ಉಚಿತ ಕಾನೂನು ನೆರವಿನ ಪಟ್ಟಿಯಿಂದ ಮೂವತ್ತು ದಾಟಿದ ಒಬ್ಬ ವಕೀಲೆಯನ್ನು ನೇಮಿಸಿದರು. ಹೊರಗೆ ಹುಣಸೆಮರದ ಕೆಳಗೆ ಕಡತವನ್ನು ಅವಳಿಗೆ ಒಪ್ಪಿಸಿ, ಬೈಕಿನವನ ಗುರುತನ್ನು ಮತ್ತೊಮ್ಮೆ ಹೇಳಿ, ಜಾಗ್ರತೆಯಾಗಿರಬೇಕೆಂದೆ.

“ನನಗೂ ಭಯ ಇದೆ ಸಾರ್” ಎಂದಳು. “ಆದ್ರೆ ನಾವಿರೋದು ಅಪಾರ್ಟ್‌ಮೆಂಟು. ನಮ್ಮನೇಲಿ ಯಾರೂ ಹೂ ಕೀಳಲ್ಲ.” ಕಡತ ಬಿಚ್ಚುತ್ತ ಸೇರಿಸಿದಳು: “ಒಂದು ಮಾತು. ಆ ತಾಯಿ ಹತ್ರ ನಾನು ಆಣೆಗೀಣೆ ಏನೂ ಕೇಳಿಲ್ಲ. ಕೇಳಲ್ಲ.”

“ಕೇಳಬೇಡಿ” ಎಂದೆ. ನಾನೂ ಆಮೇಲೆ ಯಾರನ್ನೂ ಕೇಳಿಲ್ಲ.

ಒಂದು ತಿಂಗಳಾದ ಮೇಲೆ ಬೇರೊಂದು ಕೆಲಸಕ್ಕಾಗಿ ರಾಯಕೋಟೆಯ ಮಾರ್ಗದ ಬಸ್ಸಿನಲ್ಲಿ ಹೋಗಬೇಕಾಯಿತು. ರಾಯಕೋಟೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದವನು ಆ ಟೀ ಅಂಗಡಿಯ ಮುಂದೆಯೇ ಇಳಿದಿದ್ದೆ. ಹಿಂದಿರುಗಿ ಬಸ್ಸು ಹತ್ತಬೇಕೆಂದುಕೊಳ್ಳುವಷ್ಟರಲ್ಲಿ ಅವನು ನೋಡಿಬಿಟ್ಟ.

“ಕುತ್ಕೊಳ್ಳಿ ಸಾಮಿ.”

“ಆ ಮೊಕದ್ದಮೆಯ ಮಾತು ಬೇಡಪ್ಪ. ಈಗ ನಾನು ಅದರಲ್ಲಿ ಇಲ್ಲ. ಸಾಕ್ಷಿಯೊಡನೆ ನಾನು ಮಾತನಾಡುವುದು ತಪ್ಪು.”

“ಮಾತಾಡ್ಬೇಡಿ. ನೀವೇ ಕರ್ಪೂರ ಆರ್ಸಿದ್ರಂತೆ, ಕೈ ತೋರ್ಸಿ.”

ತೋರಿಸಿದೆ. ಆಗ ಅದು ಇನ್ನೂ ಕೆಂಪಾಗಿತ್ತು. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ. “ಸುಟ್ಟೈತೆ” ಎಂದಷ್ಟೇ ಹೇಳಿ, ಒಳಗೆ ಹೋಗಿ ಲೋಟ ತೊಳೆದು ಹಾಲು ಬಿಸಿಮಾಡಿ ತಂದುಕೊಟ್ಟ. ನಾನು ಹೊರಗೆ ಟೀ ಕುಡಿಯುವುದಿಲ್ಲವೆಂಬುದು ಅವನಿಗೆ ನೆನಪಿತ್ತು.

ನಾನು ಲೋಟವನ್ನು ತುಟಿಗೆತ್ತುವಾಗ ಹಿಂದೆ ಬೈಕೊಂದು ಬಂದು ನಿಂತಿತು. ಬೆಚ್ಚಿದೆ, ಹಾಲು ಪಂಚೆಯ ಮೇಲೆ ಚೆಲ್ಲಿತು. ತಿರುಗಿ ನೋಡಲಾಗಲಿಲ್ಲ. ಅಂಗಡಿಯವನು ನನ್ನ ತಲೆಯ ಮೇಲಿಂದ ಆಚೆ ನೋಡಿ, “ಹಾಲಿನ ಕ್ಯಾನ್ ತಂದವ್ನೆ ಸಾಮಿ, ನಮ್ಮ ಭಾಮೈದ” ಎಂದ. ಪಂಚೆಗೆ ನೀರು ಕೊಟ್ಟ. ತಗ್ಗಿದ ದನಿಯಲ್ಲಿ, “ನಂಗೂ ಹಂಗೇ ಆಗ್ತದೆ. ಗಾಡಿ ನಿಂತ್ರೆ ಸಾಕು, ಸಕ್ಕರೆ ಹಾಕೋದು ಮರ್ತೋಗ್ತೀನಿ” ಎಂದ.

ಕಂಡಕ್ಟರು ಸೀಟಿ ಊದಿದ. ನಾನು ಎದ್ದೆ.

“ಆ ಲಾಯರಮ್ಮಂಗೆ ನೀವೇ ಒಂದ್ಮಾತು ಹೇಳ್ಬುಡಿ ಸಾಮಿ, ನಾನು ಬತ್ತೀನಿ ಅಂತ.”

“ನಾನು ಹೇಳಬಾರದು. ನಿನಗೆ ಹೇಳಬೇಕೆಂದಿದ್ದರೆ ನೀನೇ ಹೇಳು.”

ಅವನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಒಂದು ಚೀಟಿ ತೆಗೆದ. ಅದರಲ್ಲಿ ಆ ವಕೀಲೆಯ ನಂಬರಿತ್ತು. ಮೊದಲೇ ಬಂದು ಕೊಟ್ಟುಹೋಗಿದ್ದಳೆಂದು ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದೆ. ಅವನು ಒಲೆಯ ಪಕ್ಕದಲ್ಲಿ ನಿಂತು, ಕನ್ನಡಕ ಹಣೆಗೇರಿಸಿ, ಚೀಟಿಯನ್ನು ದೂರ ಹಿಡಿದು, ಒಂದೊಂದೇ ಅಂಕಿಯನ್ನು ಒತ್ತುತ್ತಿದ್ದ. ನಡುವೆ ತಪ್ಪಿರಬೇಕು, ಅಳಿಸಿ ಮತ್ತೆ ಮೊದಲಿನಿಂದ ಒತ್ತತೊಡಗಿದ. ಬಸ್ಸು ತಿರುಗುವಾಗ ಫೋನು ಅವನ ಕಿವಿಯ ಬಳಿಯಿತ್ತು, ಕಣ್ಣು ರಸ್ತೆಯ ಮೇಲಿತ್ತು.